ನದಿಯ ಈಚೆ ಉಳಿದ ಕರು

ಚಳಿಗಾಲದಲ್ಲಿ ಲಿನ್‌ವುಡ್‌ನ ನಮ್ಮ ಮನೆಯಿಂದ ಉತ್ತರಕ್ಕೆ ಒಂದು ಗಂಟೆ ಕಾರು ಓಡಿಸಿದರೆ ಆಲೂಗಡ್ಡೆ ಬೆಳೆಯುವ ದೊಡ್ಡ ಬಯಲು ಸಿಗುತ್ತದೆ. ಬೆಳೆ ಕಿತ್ತು ಮುಗಿದ ಆ ಕೆಸರು ಹೊಲಗಳಿಗೆ ನವೆಂಬರ್ ಹೊತ್ತಿಗೆ ಬಿಳಿಯ ಹೆಬ್ಬಾತುಗಳು ಬಂದಿಳಿಯುತ್ತವೆ. ಸಾವಿರಾರು. ದೂರದಿಂದ ನೋಡಿದರೆ ಹಿಮ ಬಿದ್ದಿದೆ ಅನ್ನಿಸುತ್ತದೆ. ಒಂದು ಹೆದರಿ ಎದ್ದರೆ ಸಾಕು, ಹಿಂಡಿಗೆ ಹಿಂಡೇ ಗದ್ದಲ ಮಾಡುತ್ತಾ ಮೇಲೇಳುತ್ತದೆ. ಪಕ್ಕದಲ್ಲಿ ನಿಂತವರ ಮಾತು ಕೇಳುವುದಿಲ್ಲ.

ಅಲ್ಲಿಗೆ ನನ್ನನ್ನು ಪ್ರತಿ ವರ್ಷ ಎಳೆದುಕೊಂಡು ಹೋಗುವವಳು ನನ್ನ ಅಕ್ಕ. ನನಗಿಂತ ಆರು ವರ್ಷ ದೊಡ್ಡವಳು. ಮೈಸೂರಿನಿಂದ ಈ ದೇಶಕ್ಕೆ ಮೊದಲು ಬಂದವಳು ಅವಳು, ಅವಳಿದ್ದಾಳೆಂಬ ಧೈರ್ಯದಲ್ಲಿ ಬಂದವಳು ನಾನು. ಹತ್ತಿರದ ಕ್ಯಾನ್ಯನ್ ಪಾರ್ಕ್ ಎಂಬ ಬಡಾವಣೆಯ ಒಂದು ಲ್ಯಾಬಿನಲ್ಲಿ ಅವಳ ಕೆಲಸ. ಮದುವೆಯಾಗಲಿಲ್ಲ, ಅದರ ಬಗ್ಗೆ ಮನೆಯಲ್ಲಿ ಆಡಬೇಕಾದ ಮಾತೆಲ್ಲ ಎಂದೋ ಆಡಿ ಮುಗಿದಿತ್ತು. ಅವಳನ್ನು ಬಲ್ಲವರೆಲ್ಲ ಹೇಳುವುದು ಒಂದೇ: ಒಂದು ಕಡೆ ಕೂರುವವಳಲ್ಲ. ಊಟಕ್ಕೆ ಕರೆದರೆ ಬಡಿಸುವ ಮೊದಲೇ ಸಿಂಕಿನಲ್ಲಿರುವ ಪಾತ್ರೆಗೆ ಕೈಹಾಕಿರುತ್ತಾಳೆ. ಸಿನಿಮಾಕ್ಕೆ ಹೋದರೆ ಅರ್ಧದಲ್ಲಿ ಎದ್ದು ಒಂದು ಸುತ್ತು ಓಡಾಡಿ ಬರುತ್ತಾಳೆ.

ಒಂದು ವರ್ಷ ಆ ಬಯಲಿನ ಬದಿಯಲ್ಲಿ, ಕಾರಿನ ಬಾನೆಟ್ ಮೇಲೆ ಫ್ಲಾಸ್ಕ್ ಇಟ್ಟುಕೊಂಡು ಕಾಫಿ ಕುಡಿಯುತ್ತಿದ್ದೆವು. ಅಕ್ಕ ಹೆಬ್ಬಾತುಗಳನ್ನೇ ನೋಡುತ್ತಾ ಹೇಳಿದಳು, "ಪ್ರತಿ ವರ್ಷ ಇವೇ ಬರ್ತಾವಲ್ಲೇ. ಒಂದ್ಸಲನಾದ್ರೂ ಇವುಗಳ ಊರಿಗೆ ನಾವು ಹೋಗಿ ಬರ್ಬೇಡ್ವಾ?"

"ಇವುಗಳ ಊರು ಎಲ್ಲಿ?"

"ರಷ್ಯಾದ ಒಂದು ದ್ವೀಪ. ಭೂಮಿ ತುತ್ತತುದಿ."

"ವೀಸಾ ಕೊಡ್ತಾರಾ?"

"ಕೊಡಲ್ಲ. ಅದಕ್ಕೇ ಅಲಾಸ್ಕಾಕ್ಕೆ ಹೋಗೋಣ. ಅಲ್ಲೂ ಅದೇ ಥರದ ನೆಲ, ಟುಂಡ್ರಾ. ಮರ ಇಲ್ಲ, ಏನಿಲ್ಲ. ಆದ್ರೆ ರೋಡ್ ಇದೆ."

ಮರವಿಲ್ಲದ, ಏನೂ ಇಲ್ಲದ ಕಡೆಗೆ ರಜೆ ಹಾಕಿ ಯಾಕೆ ಹೋಗಬೇಕೆಂದು ನಾನು ಕೇಳಲಿಲ್ಲ. ಅವಳಿಗೆ ಅರವತ್ತು ತುಂಬುವುದರಲ್ಲಿತ್ತು. ಒಂದು ಮಂಡಿಯ ಆಪರೇಷನ್ ಆಗಿತ್ತು, ಇನ್ನೊಂದಕ್ಕೆ ಡಾಕ್ಟರು ಸೂಚನೆ ಕೊಟ್ಟಿದ್ದರು. ಹೋಗುವುದಾದರೆ ಈಗಲೇ ಎಂದು ಇಬ್ಬರಿಗೂ ಗೊತ್ತಿತ್ತು. ಮನೆಯಲ್ಲಿ ನನ್ನ ಗಂಡನಿಗೆ ಹೇಳಿದಾಗ ಅವರು, "ಇಬ್ರೇನಾ? ಕರಡಿ ಇರುತ್ತೆ ಅಲ್ಲಿ," ಎಂದರು. "ಅದನ್ನ ನೋಡೋಕೇ ಹೋಗ್ತಿರೋದು ಭಾವ," ಎಂದು ಸ್ಪೀಕರಿನಲ್ಲಿದ್ದ ಅಕ್ಕ ಫೋನಿನಿಂದಲೇ ಉತ್ತರ ಕೊಟ್ಟಳು. ನನ್ನ ಗಂಡನನ್ನು ಅವಳು ಮೊದಲಿನಿಂದಲೂ ತಮಾಷೆಗೆ ಭಾವ ಎನ್ನುತ್ತಾಳೆ.

ಜೂನ್ ತಿಂಗಳಲ್ಲಿ ಹೊರಟೆವು. ಫೇರ್‌ಬ್ಯಾಂಕ್ಸ್‌ವರೆಗೆ ವಿಮಾನ, ಅಲ್ಲಿಂದ ಜಲ್ಲಿ ರಸ್ತೆಗೆಂದೇ ಬಾಡಿಗೆಗೆ ಕೊಡುವ ಎತ್ತರದ ಗಾಡಿ, ಹಿಂದೆ ಎರಡು ಸ್ಟೆಪ್ನಿ. ಉತ್ತರದ ಎಣ್ಣೆ ಬಾವಿಗಳಿಗೆ ಸಾಮಾನು ಹೊರುವ ಲಾರಿಗಳಿಗಾಗಿ ಮಾಡಿದ ರಸ್ತೆ ಅದು. ಲಾರಿ ಎದುರಿಗೆ ಬಂದಾಗಲೆಲ್ಲ ಅಕ್ಕ ಗಾಡಿಯನ್ನು ಅಂಚಿಗೆ ತೆಗೆದು ನಿಧಾನ ಮಾಡುತ್ತಿದ್ದಳು, ಕಲ್ಲು ಸಿಡಿದು ಗಾಜಿಗೆ ಬಡಿಯುತ್ತಿತ್ತು. ಮೊದಲು ಕಾಡು, ಆಮೇಲೆ ಕುಳ್ಳಗಾದ ಕಾಡು, ಆಮೇಲೆ ಒಂದೊಂದೇ ಬಡಕಲು ಮರ. ಬೆಟ್ಟಸಾಲಿನ ಕಣಿವೆ ದಾಟಿ ಆಚೆ ಇಳಿದ ಮೇಲೆ ಮರಗಳೇ ಇರಲಿಲ್ಲ. ಕಂದು-ಹಸಿರು ನೆಲ ಕಣ್ಣು ಹೋದಷ್ಟು ದೂರ ಉಬ್ಬಿ ತಗ್ಗಿ ಹರಡಿತ್ತು. ನೆರಳಿನ ಕಡೆ ಇನ್ನೂ ಹಿಮದ ತೇಪೆಗಳು. ಗಾಡಿ ನಿಲ್ಲಿಸಿ ಇಳಿದಾಗ ಕಾಲಡಿ ನೆಲ ಹಾಸಿಗೆಯಂತೆ ಮೆತ್ತಗೆ ಒತ್ತಿಕೊಂಡಿತು. ಬಾಗಿ ನೋಡಿದರೆ ಬೆರಳುದ್ದದ ಗಿಡಗಳಲ್ಲಿ ಹೂವು.

ಮೊದಲ ಎರಡು ದಿನ ಮಂಜು. ನಾವು ಹಾಕಿದ ಡೇರೆಯ ಹತ್ತಿರ, ಬಿಲದಲ್ಲಿ ಬದುಕುವ ಒಂದು ನೆಲ ಅಳಿಲು ಬಂದು ಎರಡು ಕಾಲಿನ ಮೇಲೆ ನಿಂತು ನಮ್ಮನ್ನು ಬೈದು ಹೋಯಿತು, ಅಷ್ಟೇ. ನಾನು ಪುಳಿಯೋಗರೆ ಗೊಜ್ಜಿನ ಡಬ್ಬಿ ಖಾಲಿಯಾಗುತ್ತಾ ಬರುವುದನ್ನು ನೋಡುತ್ತಾ ಕೂತಿದ್ದೆ. ಅಕ್ಕ ಮಾತ್ರ ಬೇಸರ ಮಾಡಿಕೊಳ್ಳಲಿಲ್ಲ. ಅದೇ ನನಗೆ ಮೊದಲು ಕಂಡ ಆಶ್ಚರ್ಯ. ಮಡಿಚುವ ಕುರ್ಚಿಯಲ್ಲಿ, ಟೋಪಿಯ ಮೇಲೆ ಸೊಳ್ಳೆಪರದೆ ಇಳಿಬಿಟ್ಟುಕೊಂಡು, ಏನೂ ಕಾಣದ ಬಿಳುಪಿನತ್ತ ಮುಖಮಾಡಿ ಸುಮ್ಮನೆ ಕೂತಿದ್ದಳು.

"ಏನ್ ನೋಡ್ತಿದೀಯಾ?" ಎಂದೆ.

"ಕೇಳಿಸ್ಕೋತಿದೀನಿ. ಎಷ್ಟೊಂದು ಹಕ್ಕಿ ಇದೆ ಗೊತ್ತಾ ಇಲ್ಲಿ."

ಮೂರನೆಯ ದಿನ ಬೆಳಿಗ್ಗೆ ಮಂಜು ಸರಿಯಿತು. ಗಾಡಿ ಹತ್ತಿ ನದಿಯ ಪಕ್ಕದಲ್ಲೇ ಉತ್ತರಕ್ಕೆ ಹೊರಟೆವು. ಆ ನದಿಗೆ ಉದ್ದನೆಯ, ನಾಲಿಗೆ ತಿರುಗದ ಹೆಸರಿದೆ. ಲಾರಿಯವರು ಅದನ್ನು ಸ್ಯಾಗ್ ಎಂದಷ್ಟೇ ಕರೆಯುತ್ತಾರೆ. ಬೂದುಬಣ್ಣದ ನೀರು, ಹಿಮ ಕರಗಿ ತುಂಬಿ ಬರುತ್ತಿತ್ತು. ಸ್ವಲ್ಪ ದೂರ ಹೋಗುವಷ್ಟರಲ್ಲಿ ಅಕ್ಕ ಬ್ರೇಕ್ ಹಾಕಿದಳು.

ನದಿಯ ಬದಿಯ ಜಲ್ಲಿಹಾಸಿನ ಮೇಲೆ ಕಪ್ಪು ಬಂಡೆಗಳು ಕಂಡವು. ಅವುಗಳಲ್ಲಿ ಒಂದು ನಡೆಯಿತು.

ಅವು ಮಸ್ಕ್ ಆಕ್ಸ್‌ಗಳು. ಹೆಸರಿನಲ್ಲಿ ಎತ್ತು ಇದ್ದರೂ ಸಂಬಂಧ ಹೆಚ್ಚಾಗಿ ಆಡು ಕುರಿಗಳ ಜೊತೆ ಎಂದು ಅಕ್ಕ ಆಮೇಲೆ ಹೇಳಿದಳು. ನಮ್ಮ ಎಮ್ಮೆಯಷ್ಟೂ ಎತ್ತರವಿಲ್ಲ. ಆದರೆ ಭುಜದ ಮೇಲೆ ಗೂನು, ಮೈಯಿಂದ ಪಾದದವರೆಗೆ ಇಳಿಬಿದ್ದ ಉದ್ದನೆಯ ಕಂದು ಕೂದಲು. ನಡೆದರೆ ಲಂಗ ತೂಗಿದ ಹಾಗೆ ತೂಗುತ್ತದೆ. ಕೊಂಬುಗಳು ಹಣೆಯ ಮೇಲೆ ಬೈತಲೆ ತೆಗೆದಂತೆ ಎರಡು ಕಡೆ ಕೆಳಗಿಳಿದು ತುದಿಯಲ್ಲಿ ಮೇಲಕ್ಕೆ ಬಾಗಿರುತ್ತವೆ. ಕೋಪವೂ ಇಲ್ಲ, ಗಡಿಬಿಡಿಯೂ ಇಲ್ಲ. ಇಂಥ ಚಳಿನಾಡಿನಲ್ಲಿ, ವರ್ಷದಲ್ಲಿ ಅಷ್ಟು ತಿಂಗಳು ಕತ್ತಲಲ್ಲಿ, ಗುಳೆ ಹೋಗದೆ ಅಲ್ಲೇ ನಿಂತು ಬದುಕುವ ಪ್ರಾಣಿಗೆ ಗಡಿಬಿಡಿ ಯಾಕಿರುತ್ತದೆ!

ರಸ್ತೆಯ ಬದಿಗೆ ಗಾಡಿ ನಿಲ್ಲಿಸಿ, ಅದರ ಮರೆಯಲ್ಲೇ ನಿಂತು ನೋಡಿದೆವು. ಅಕ್ಕ ಮೂರು ಕಾಲಿನ ಸ್ಟ್ಯಾಂಡಿನ ಮೇಲೆ ದೊಡ್ಡ ದುರ್ಬೀನು ನಿಲ್ಲಿಸಿದಳು. ಹಿಂಡು ನದಿ ದಾಟಲು ಹೊರಟಿತ್ತು. ಮುಂದೆ ಒಂದು ಮುದಿ ಹೆಣ್ಣು, ಒಂದು ಕೊಂಬಿನ ತುದಿ ಮುರಿದಿದ್ದದ್ದು, ನೀರಿಗಿಳಿದು ಎದೆಮಟ್ಟ ಹೋಗಿ ಆಚೆ ಹತ್ತಿತು. ಉಳಿದವು ಒಂದರ ಹಿಂದೆ ಒಂದು ಇಳಿದವು. ದೊಡ್ಡ ಕರುಗಳು ತಾಯಂದಿರ ಪಕ್ಕೆಗೆ ಅಂಟಿಕೊಂಡು ಈಜಿ ದಾಟಿದವು. ಕೊನೆಯಲ್ಲಿ ಒಂದು ತಾಯಿ ಅರ್ಧ ನೀರಿಗಿಳಿದು ತಿರುಗಿ ನೋಡಿತು. ಅದರ ಕರು ದಡದಲ್ಲೇ ನಿಂತಿತ್ತು. ಉಳಿದ ಕರುಗಳಿಗಿಂತ ಬಹಳ ಚಿಕ್ಕದು, ತಡವಾಗಿ ಹುಟ್ಟಿದ್ದಿರಬೇಕು. ಮುಂಗಾಲು ನೀರಿನಲ್ಲಿಡುವುದು, ಹಿಂದಕ್ಕೆ ಹಾರುವುದು. ಮತ್ತೆ ಇಡುವುದು, ಮತ್ತೆ ಹಾರುವುದು.

ತಾಯಿ ಪೂರ್ತಿ ದಾಟಿ ಆಚೆ ದಡದಿಂದ ಕೂಗಿತು. ಗಂಟಲಾಳದ, ಗೊರಗೊರ ಸದ್ದು. ಕರು ಉತ್ತರ ಕೊಟ್ಟಿತು, ಬರಲಿಲ್ಲ. ತಾಯಿ ಮತ್ತೆ ನೀರಿಗಿಳಿದು ಈಚೆಗೆ ಬಂತು. ಮೂಗಿನಿಂದ ಮೂಸಿತು, ಮತ್ತೆ ಹೊರಟಿತು. ಈ ಸಲ ಕರು ಹಿಂದೆಯೇ ನಾಲ್ಕು ಹೆಜ್ಜೆ ಇಳಿಯಿತು. ಸೆಳವಿಗೆ ಕಾಲು ಜಾರಿ ಮುಳುಗಿ, ಎದ್ದು, ಹೇಗೋ ದಡ ಹಿಡಿದು ನಡುಗುತ್ತಾ ನಿಂತಿತು. ತಾಯಿ ಹಿಂದಕ್ಕೆ ಬಂತು. ಆಮೇಲೆ ಅದು ನೀರಿನ ಕಡೆ ನೋಡಲಿಲ್ಲ. ಕರುವಿನ ಪಕ್ಕ ನಿಂತಿತು. ಕರು ಆ ಉದ್ದನೆಯ ಕೂದಲಿನ ಒಳಗೆ, ಹೊಟ್ಟೆಯಡಿ ನುಗ್ಗಿ ಕಾಣದಾಯಿತು.

"ಹೊರಡೋಣ್ವಾ?" ಎಂದು ಕೇಳಲು ತಿರುಗಿದೆ. ಅಕ್ಕ ಆಗಲೇ ಕುರ್ಚಿ ಬಿಡಿಸಿ ಕೂತಾಗಿತ್ತು.

ಹಾಗೆ ನಾವು ಅಲ್ಲಿ ಕೂತೆವು. ಸೂರ್ಯ ಮುಳುಗದ ಊರಿನಲ್ಲಿ ಹೊತ್ತು ಹೋಗುವುದೂ ತಿಳಿಯದು. ಚಪಾತಿಗೆ ಚಟ್ನಿಪುಡಿ ಸವರಿ ಸುತ್ತಿ ಅಕ್ಕನ ಕೈಗೆ ಕೊಟ್ಟೆ. ದುರ್ಬೀನಿನಿಂದ ಕಣ್ಣು ತೆಗೆಯದೆ ತಿಂದಳು. ಆಚೆ ದಡದ ಹಿಂಡು ಚದುರಿ, ಮೊಣಕಾಲೆತ್ತರದ ಕುರುಚಲು ಪೊದೆಗಳ ಎಲೆ ಮೇಯುತ್ತಿತ್ತು. ಆದರೆ ದೂರ ಹೋಗಲಿಲ್ಲ. ಮುರಿದ ಕೊಂಬಿನ ಮುದುಕಿ ಆಗಾಗ ತಲೆಯೆತ್ತಿ ಈಚೆ ನೋಡುತ್ತಿತ್ತು.

"ಅವಳು ಕಾಯ್ತಿದಾಳೆ," ಎಂದೆ.

"ಅವಳು ಅನ್ಬೇಡ. ಅದು ಅನ್ನು. ಅದರ ಮನಸಲ್ಲಿ ಏನಿದೆ ನಮಗೇನ್ ಗೊತ್ತು," ಎಂದ ಅಕ್ಕ, ಸ್ವಲ್ಪ ಹೊತ್ತಿನ ಮೇಲೆ ತಾನೇ, "ಮುದುಕಿ ಗಟ್ಟಿಗಿತ್ತಿ ಕಣೇ," ಎಂದಳು.

ಒಂದು ದೊಡ್ಡ ಲಾರಿ ವೇಗ ಇಳಿಸಿ ನಮ್ಮ ಗಾಡಿಯ ಹಿಂದೆ ಬಂದು ನಿಂತಿತು. ಬಿಳಿಗಡ್ಡದ ಡ್ರೈವರು ಕಿಟಕಿ ಇಳಿಸಿ, ಏನಾದರೂ ತೊಂದರೆಯಾ, ಟೈರು ಹೋಯಿತಾ ಎಂದು ವಿಚಾರಿಸಿದ. ಆ ರಸ್ತೆಯಲ್ಲಿ ನಿಂತ ಗಾಡಿಯನ್ನು ಯಾರೂ ವಿಚಾರಿಸದೆ ಹೋಗುವುದಿಲ್ಲವಂತೆ. ಅಕ್ಕ ಬಾಯಿಯ ಮೇಲೆ ಬೆರಳಿಟ್ಟು ನದಿಯ ಕಡೆ ಕೈತೋರಿಸಿದಳು. ಅವನು ಇಳಿದು ಬಂದ. ಅಕ್ಕ ದುರ್ಬೀನು ಬಿಟ್ಟುಕೊಟ್ಟಳು. ಅವನು ಬಾಗಿ ಬಹಳ ಹೊತ್ತು ನೋಡಿದ. ಇಷ್ಟು ವರ್ಷದಿಂದ ಇದೇ ರಸ್ತೆಯಲ್ಲಿ ಓಡಾಡುತ್ತಿದ್ದೇನೆ, ಇವುಗಳನ್ನು ನೂರು ಸಲ ನೋಡಿದ್ದೇನೆ, ಗಾಡಿ ನಿಲ್ಲಿಸಿ ನೋಡಿದ್ದು ಇದೇ ಮೊದಲು ಎಂದ. ನಾನು ಕೊಟ್ಟ ಚಕ್ಕುಲಿಯನ್ನು ತಿರುಗಿಸಿ ನೋಡಿ ತಿಂದು, ಇನ್ನೆರಡು ಇಸಿದುಕೊಂಡ. ಹೊರಡುವಾಗ, ನದಿಯ ಮೇಲ್ಗಡೆ ಕಂದು ಕರಡಿಯೊಂದನ್ನು ಈಗ ತಾನೇ ದಾಟಿ ಬಂದೆ, ಗಾಡಿಯ ಹತ್ತಿರವೇ ಇರಿ ಎಂದು ಎಚ್ಚರಿಸಿದ.

ಅವನು ಹೋದ ಮೇಲೆ ನಾವು ಕರಡಿಯ ದಾರಿ ನೋಡತೊಡಗಿದೆವು. ಅದು ಬಂತು. ಈಚೆ ದಡದಲ್ಲೇ, ಮೇಲಿನಿಂದ ಕೆಳಗೆ. ಬಿಸಿಲಿಗೆ ಅದರ ಬೆನ್ನು ಜೇನಿನ ಬಣ್ಣಕ್ಕೆ ಹೊಳೆಯುತ್ತಿತ್ತು. ಅವಸರವೇನೂ ಇರಲಿಲ್ಲ. ನೆಲ ಅಳಿಲಿನ ಬಿಲ ಸಿಕ್ಕಲ್ಲಿ ನಿಂತು ಎರಡೂ ಕೈಯಲ್ಲಿ ಮಣ್ಣು ಬಗೆಯುವುದು, ಮೂಗು ತೂರಿಸುವುದು, ಮುಂದಕ್ಕೆ ಬರುವುದು. ಗಾಳಿ ತಾಯಿ ಮತ್ತು ಕರು ಇರುವ ಕಡೆಯಿಂದ ಕರಡಿಯತ್ತ ಬೀಸುತ್ತಿತ್ತು. ಒಂದು ಕಡೆ ಅದು ಅಗೆಯುವುದನ್ನು ನಿಲ್ಲಿಸಿ ತಲೆಯೆತ್ತಿ ಮೂಸಿತು. ಆಮೇಲೆ ಅಳಿಲಿನ ಬಿಲಗಳ ಕಡೆ ತಿರುಗಲಿಲ್ಲ.

ಆಚೆ ದಡದಲ್ಲಿ ಹಿಂಡು ಒಮ್ಮೆಲೇ ಒಟ್ಟುಗೂಡಿತು. ಕರುಗಳನ್ನು ಹಿಂದಕ್ಕೆ ಬಿಟ್ಟುಕೊಂಡು, ದೊಡ್ಡವೆಲ್ಲ ಭುಜಕ್ಕೆ ಭುಜ ತಾಗಿಸಿ, ಕೊಂಬು ಹೊರಗೆ ಮಾಡಿ ಗೋಡೆಯಂತೆ ನಿಂತವು. ಆದರೆ ಆ ಗೋಡೆ ಇದ್ದದ್ದು ಆಚೆ. ಈಚೆ ಇದ್ದದ್ದು ಒಂದೇ ತಾಯಿ.

ನನಗೆ ತಡೆಯಲಾಗಲಿಲ್ಲ. "ಅಕ್ಕ, ಹಾರ್ನ್ ಹೊಡೀಲಾ?"

"ಬೇಡ."

"ತಿಂದ್ಬಿಡುತ್ತೆ ಕಣೇ ಅಕ್ಕ. ಒಂದೇ ಒಂದ್ಸಲ."

"ಹಾರ್ನ್ ಹೊಡೆದ್ರೆ ಕರು ಬೆದರಿ ನೀರಿಗೆ ಬಿದ್ರೆ? ತಾಯಿ ಓಡಿಬಿಟ್ರೆ?" ಅವಳ ಧ್ವನಿ ಮೆಲ್ಲಗಿತ್ತು, ಆದರೆ ನನ್ನ ಮಣಿಕಟ್ಟನ್ನು ಅವಳು ಹಿಡಿದುಕೊಂಡಿದ್ದ ರೀತಿಗೆ ಬಳೆ ಒತ್ತಿ ನೋಯುತ್ತಿತ್ತು. "ಅದಕ್ಕೆ ಗೊತ್ತು ಏನ್ ಮಾಡ್ಬೇಕು ಅಂತ. ನಮಗೆ ಗೊತ್ತಿಲ್ಲ. ಸುಮ್ನಿರು."

ತಾಯಿ ಕರಡಿಗೆ ಎದುರಾಗಿ ತಿರುಗಿತು. ಕರು ಹೊಟ್ಟೆಯಡಿಯೇ ಇತ್ತು. ಕೂದಲಿನ ಅಂಚಿನಲ್ಲಿ ನಾಲ್ಕು ಪುಟ್ಟ ಗೊರಸು ಮಾತ್ರ ಕಾಣುತ್ತಿದ್ದವು. ತಾಯಿ ತಲೆ ತಗ್ಗಿಸಿ ಮುಖವನ್ನು ಮುಂಗಾಲಿಗೆ ನಿಧಾನವಾಗಿ ಉಜ್ಜಿತು. ತುರಿಕೆಯೇನೋ ಅಂದುಕೊಂಡೆ. ಅಕ್ಕ ಉಸಿರಿನಲ್ಲೇ, "ಅದು ಎಚ್ಚರಿಕೆ. ಹತ್ರ ಬಂದ್ರೆ ಗುಮ್ತೀನಿ ಅಂತ," ಎಂದಳು. ಕರಡಿ ಇನ್ನೂ ಹತ್ತಿರ ಬಂತು. ಬಲಕ್ಕೆ ಸರಿಯಿತು, ತಾಯಿಯ ಕೊಂಬೂ ಬಲಕ್ಕೆ ತಿರುಗಿತು. ಎಡಕ್ಕೆ ಬಂತು, ಕೊಂಬೂ ಎಡಕ್ಕೆ. ಪ್ರತಿ ಸಲವೂ ಆ ನಾಲ್ಕು ಪುಟ್ಟ ಗೊರಸು ದೊಡ್ಡ ಕಾಲುಗಳ ಜೊತೆಗೇ ತಿರುಗುತ್ತಿದ್ದವು. ಒಂದು ಹೆಜ್ಜೆಯೂ ಹೊರಗೆ ತಪ್ಪಲಿಲ್ಲ. ನೀರಿಗೆ ಅಷ್ಟು ಹೆದರಿದ್ದ ಕರು ಅದೇನಾ ಅನ್ನಿಸಿತು.

ಕರಡಿ ಕೂತುಬಿಟ್ಟಿತು. ನಾಯಿ ಕೂತ ಹಾಗೆ, ಹಿಂಗಾಲು ಮಡಚಿ. ಅದಕ್ಕೂ ಹಸಿವಿರುತ್ತದೆ, ಅದೂ ಎಲ್ಲೋ ಮರಿಗಳನ್ನು ಬಿಟ್ಟು ಬಂದಿರಬಹುದು ಎಂದೆಲ್ಲ ಆಮೇಲೆ ಯೋಚಿಸಿದೆ. ಆ ಹೊತ್ತಿನಲ್ಲಿ ಮಾತ್ರ ಅಂಥ ನ್ಯಾಯವೆಲ್ಲ ಹೊಳೆಯಲಿಲ್ಲ. ಕರಡಿ ಎದ್ದಿತು, ನೇರವಾಗಿ ಮೂರು ನೆಗೆತ ನೆಗೆಯಿತು. ತಾಯಿ ಹಿಂದೆ ಸರಿಯಲಿಲ್ಲ. ಅಷ್ಟು ಹೊತ್ತು ಬಂಡೆಯಂತೆ ನಿಂತಿದ್ದದ್ದು ಒಮ್ಮೆಲೇ ಮುಂದಕ್ಕೆ ನುಗ್ಗಿತು. ಜಲ್ಲಿ ಚಿಮ್ಮಿತು. ಕೊಂಬು ಕರಡಿಗೆ ತಾಗಿತೋ ಇಲ್ಲವೋ ನಮಗೆ ಕಾಣಲಿಲ್ಲ. ಕರಡಿ ಪಕ್ಕಕ್ಕೆ ಉರುಳಿದಂತೆ ಹಾರಿ ದೂರ ಓಡಿತು. ತಾಯಿ ಅಟ್ಟಿಕೊಂಡು ಹೋಗಲಿಲ್ಲ. ಹೋಗಿದ್ದರೆ ಕರು ಬಯಲಾಗುತ್ತಿತ್ತು. ನುಗ್ಗಿದಷ್ಟೇ ಬೇಗ ಹಿಂದೆ ಸರಿದು ಕರುವನ್ನು ಮತ್ತೆ ಮುಚ್ಚಿಕೊಂಡಿತು.

ಕರಡಿ ದೂರದಿಂದ ಒಮ್ಮೆ ತಿರುಗಿ ನೋಡಿ, ಮೈ ಕೊಡವಿ, ನಮ್ಮ ಗಾಡಿಯ ಹಿಂದುಗಡೆ ಬಹಳ ಅಂತರದಲ್ಲಿ ರಸ್ತೆ ದಾಟಿ ಬೆಟ್ಟದ ಕಡೆ ಹೋಯಿತು. ಸ್ವಲ್ಪ ಹೊತ್ತಿಗೆಲ್ಲ ಅಲ್ಲಿ ಮಣ್ಣು ಬಗೆಯುತ್ತಿದ್ದದ್ದು ಕಂಡಿತು.

ಅಕ್ಕ ನನ್ನ ಕೈ ಬಿಟ್ಟಳು. ಮುಖದ ಮೇಲಿನ ಪರದೆ ಎತ್ತಿ ಕಣ್ಣೊರೆಸಿಕೊಂಡಳು. ಅವಳು ಅತ್ತದ್ದನ್ನು ನಾನು ನೋಡಿದ್ದು ಬಹಳ ಕಡಿಮೆ. "ನೋಡಿದ್ಯಾ," ಎಂದಳು, "ಒಂದು ಹೆಜ್ಜೆ ಹೆಚ್ಚಿಗೆ ಹೋಗ್ಲಿಲ್ಲ. ಒಂದು ಹೆಜ್ಜೆ."

ಆದರೆ ನದಿ ಇನ್ನೂ ಹಾಗೇ ಇತ್ತು. ತಾಯಿ ಸುಧಾರಿಸಿಕೊಳ್ಳುವಷ್ಟು ಹೊತ್ತು ನಿಂತಿದ್ದು, ನದಿಯ ಮೇಲ್ಗಡೆಗೆ ನಡೆಯತೊಡಗಿತು, ಕರು ಅದರ ಪಕ್ಕೆಯಲ್ಲಿ. ಆಚೆ ದಡದಲ್ಲಿ ಮುರಿದ ಕೊಂಬಿನ ಮುದುಕಿ ಗೋಡೆಯಿಂದ ಹೊರಬಂದು ಅದೂ ಮೇಲ್ಗಡೆಗೆ ಹೆಜ್ಜೆ ಹಾಕಿತು. ಹಿಂಡು ಅದರ ಹಿಂದೆ. ನದಿಯನ್ನು ನಡುವೆ ಇಟ್ಟುಕೊಂಡು ಎರಡು ಕಡೆಯವೂ ಸಮಸಮನಾಗಿ ನಡೆದವು. ತಾಯಿ ಕರು ನಿಂತರೆ ಅವೂ ಮೇಯುತ್ತಾ ನಿಲ್ಲುತ್ತಿದ್ದವು. ನಾವು ದುರ್ಬೀನು ಮಡಚಿ, ಗಾಡಿಯನ್ನು ತಿರುಗಿಸಿ ಬಂದ ದಾರಿಯಲ್ಲೇ ಆಮೆಯಂತೆ ನಡೆಸಿಕೊಂಡು, ದೂರದಿಂದಲೇ ಜೊತೆಗೆ ಹೋದೆವು.

ಒಂದು ತಿರುವಿನಲ್ಲಿ ನದಿ ಅಗಲವಾಗಿ ಹರಡಿ, ಜಲ್ಲಿ ದಿಬ್ಬಗಳ ನಡುವೆ ಹಲವು ಸಣ್ಣ ಕಾಲುವೆಗಳಾಗಿ ಸೀಳಿಕೊಂಡಿತ್ತು. ತಾಯಿ ಅಲ್ಲಿ ಇಳಿಯಿತು. ಮೊದಲ ಕಾಲುವೆಯಲ್ಲಿ ನೀರು ಕರುವಿನ ಮೊಣಕಾಲಿಗೆ ಮಾತ್ರ. ದಾಟಿತು. ಎರಡನೆಯದರಲ್ಲಿ ಹೊಟ್ಟೆ ಮುಳುಗಿತು. ಹಿಂದಕ್ಕೆ ಹಾರಲು ನೋಡಿ, ನಿಂತು, ದಾಟಿತು. ಕೊನೆಯದು ಆಳವಿತ್ತು. ತಾಯಿ ನೀರು ಬರುವ ಕಡೆಗೆ ಅಡ್ಡಲಾಗಿ ನಿಂತಿತು. ಬೇಕೆಂದೇ ನಿಂತದ್ದೋ, ಹಾಗೆ ಒದಗಿದ್ದೋ ನಾನು ಹೇಳಲಾರೆ. ಅದರ ಮೈಗೆ ಬಡಿದು ಸೆಳವು ಮೆತ್ತಗಾದ ಕಡೆ ಕರು ನೀರಿಗೆ ಬಿತ್ತು. ತಲೆ ಮಾತ್ರ ಕಾಣುತ್ತಿತ್ತು, ಮೂಗು ಆಕಾಶಕ್ಕೆ. ತಾಯಿಯ ಉದ್ದ ಕೂದಲು ನೀರಿನ ಮೇಲೆ ಹರಡಿ ಅದರ ಸುತ್ತ ತೇಲುತ್ತಿತ್ತು. ಸ್ವಲ್ಪ ಕೆಳಕ್ಕೆ ಸರಿದು, ಜಲ್ಲಿಗೆ ಕಾಲು ಸಿಕ್ಕಿ, ಕರು ಆಚೆ ದಡಕ್ಕೆ ಹತ್ತಿತು. ಮೈ ಕೊಡವುವ ಭರಕ್ಕೆ ಮುಗ್ಗರಿಸಿ ಬಿತ್ತು.

ನಾವಿಬ್ಬರೂ ಒಟ್ಟಿಗೆ ಚಪ್ಪಾಳೆ ತಟ್ಟಿಬಿಟ್ಟೆವು. ಗಾಡಿಯ ಒಳಗಿದ್ದುದರಿಂದ ಸರಿಹೋಯಿತು.

ಮುದುಕಿ ಹತ್ತಿರ ಬಂದು ಕರುವನ್ನು ಮೂಸಿ, ಏನೂ ಆಗಿಲ್ಲವೆಂಬಂತೆ ಎಲೆ ಮೇಯಲು ಹೋಯಿತು. ಉಳಿದ ಕರುಗಳು ಬಂದು ಒದ್ದೆ ಕರುವಿನ ಸುತ್ತ ಕುಪ್ಪಳಿಸಿದವು. ಅದು ಮಾತ್ರ ತಾಯಿಯ ಕೂದಲೊಳಗೆ ನುಗ್ಗಿ ಹಾಲು ಕುಡಿಯತೊಡಗಿತು. ಬಾಲ ಅಲ್ಲಾಡುವುದು, ಮತ್ತೆ ಹೊರತೆಗೆದು ಕಿಟಕಿಗೆ ಆನಿಸಿಕೊಂಡ ದುರ್ಬೀನಿನಲ್ಲಿ ಕಾಣುತ್ತಿತ್ತು.

ಡೇರೆಗೆ ಮರಳಿದಾಗ ಅಕ್ಕನಿಗೆ ಗಾಡಿಯಿಂದ ಇಳಿಯಲಾಗಲಿಲ್ಲ. ಅಷ್ಟು ಹೊತ್ತು ಕೂತು ಮಂಡಿ ಹಿಡಿದುಕೊಂಡಿತ್ತು. ನಾನು ಎರಡೂ ಕೈ ಹಿಡಿದು ಇಳಿಸಿದೆ. "ನೀನು ಇಷ್ಟು ಹೊತ್ತು ಒಂದೇ ಕಡೆ ಕೂತಿದ್ದನ್ನ ಊರಲ್ಲಿ ಹೇಳಿದ್ರೆ ಯಾರೂ ನಂಬಲ್ಲ," ಎಂದೆ.

"ಅಷ್ಟು ಚೆನ್ನಾಗಿರೋದು ಅಲ್ಲಿ ಯಾರು ತೋರಿಸ್ತಾರೆ," ಎಂದಳು ಅಕ್ಕ.

ಮಾರನೆಯ ದಿನ ಅವಳು ಕುಂಟುತ್ತಲೇ ಆ ಜಾಗಕ್ಕೆ ಮತ್ತೆ ಹೋಗಬೇಕೆಂದಳು. ಹಿಂಡು ಇರಲಿಲ್ಲ, ಕರಡಿಯೂ ಇರಲಿಲ್ಲ. ಸುತ್ತ ಚೆನ್ನಾಗಿ ನೋಡಿಕೊಂಡು, ಜೋರಾಗಿ ಮಾತಾಡುತ್ತಾ ನದಿಯ ಹತ್ತಿರ ಇಳಿದೆವು. ಜಲ್ಲಿಯ ಮೇಲೆ ದೊಡ್ಡ ಗೊರಸಿನ ಗುರುತು, ಪಕ್ಕದಲ್ಲೇ ಪುಟ್ಟವು. ಕುರುಚಲು ಪೊದೆಗಳಲ್ಲಿ ಉಣ್ಣೆಯ ಎಳೆಗಳು ಸಿಕ್ಕಿಕೊಂಡಿದ್ದವು. ಬೇಸಿಗೆಗೆ ಉದುರುವ ಒಳಗಿನ ಉಣ್ಣೆ. ಒಂದು ಎಳೆ ಬಿಡಿಸಿ ಅಂಗೈಯಲ್ಲಿಟ್ಟುಕೊಂಡೆ. ಇದೆಯೋ ಇಲ್ಲವೋ ಅನ್ನುವಷ್ಟು ಹಗುರ, ಮುಚ್ಚಿದರೆ ತಕ್ಷಣ ಬೆಚ್ಚಗೆ.

ಅಕ್ಕನೂ ಒಂದು ಎಳೆಗೆ ಕೈಚಾಚಿದವಳು ಹಾಗೇ ನಿಂತಳು. ಪೊದೆಯ ಇನ್ನೊಂದು ಬದಿಗೆ ಗುಬ್ಬಿಯಷ್ಟೇ ದೊಡ್ಡ, ಕತ್ತಿನ ಹಿಂದೆ ಇಟ್ಟಿಗೆ ಬಣ್ಣದ ಹಕ್ಕಿಯೊಂದು ಬಂದು ಕೂತಿತ್ತು. ಅದು ಉಣ್ಣೆಯ ತುದಿ ಕಚ್ಚಿ ಎಳೆಯಿತು. ಬರಲಿಲ್ಲ. ರೆಕ್ಕೆ ಬಡಿಯುತ್ತಾ ಮತ್ತೆ ಎಳೆಯಿತು. ಬಂತು. ಮುಖಕ್ಕಿಂತ ದೊಡ್ಡ ಉಂಡೆ ಕಚ್ಚಿಕೊಂಡು, ಮುಂದಿನದು ಕಾಣುತ್ತದೋ ಇಲ್ಲವೋ ಎಂಬ ಹಾಗೆ, ಹುಲ್ಲಿನ ದಿಣ್ಣೆಯೊಂದರ ಹಿಂದೆ ಹಾರಿ ಇಳಿಯಿತು.

"ಗೂಡಿಗೆ," ಎಂದು ಅಕ್ಕ ಪಿಸುಗುಟ್ಟಿದಳು. "ಇನ್ನೊಂದ್ಸಲ ಬರುತ್ತೆ ನೋಡು."

ನಾನು ಕೈಯಲ್ಲಿದ್ದ ಎಳೆಯನ್ನು ಪೊದೆಯ ಮೇಲೆ ವಾಪಸು ಇಟ್ಟು, ಅಕ್ಕನ ಕುರ್ಚಿ ತರಲು ಗಾಡಿಯ ಕಡೆ ಹೋದೆ.